ಗಾಮಾ ಸ್ಫೋಟದ ಸುಳ್ಳು ಎಚ್ಚರಿಕೆಗಳಿಗೊಂದು ಜರಡಿ: ದಾವಣಗೆರೆಯಿಂದ ಪ್ರಗತಿ ಟಿಪ್ಪಣಿ

ಗಾಮಾ ಸ್ಫೋಟವೆಂದರೆ ದೂರದ ಬ್ರಹ್ಮಾಂಡದಿಂದ ಬರುವ ಗಾಮಾ ಕಿರಣಗಳ ಕ್ಷಣಿಕ ಮಿನುಗು. ಸೌರಜ್ವಾಲೆಗಳೂ ಬಾಹ್ಯಾಕಾಶದ ಕಣಗಳೂ ಅದೇ ಎಚ್ಚರಿಕೆ ಎಬ್ಬಿಸುತ್ತವೆ, ಅವನ್ನು ಬೇರ್ಪಡಿಸುವುದು ನಮ್ಮ ಜರಡಿಯ ಕೆಲಸ. ವಿದ್ಯಾನಗರದಲ್ಲಿಟ್ಟಿರುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಈಗ ಫರ್ಮಿ ಉಪಗ್ರಹದ ಜಿಬಿಎಂ (ಗಾಮಾ ಸ್ಫೋಟ ಗಮನಿಸುವ ಉಪಕರಣ) ಸೂಚನೆಗಳನ್ನು ಜಿಸಿಎನ್ ಕಾಫ್ಕಾದಿಂದ (ನಾಸಾದ ಎಚ್ಚರಿಕೆ ಜಾಲದ ಸಂದೇಶ ಸೇವೆ) ನೇರವಾಗಿ ಪಡೆಯುತ್ತಿದೆ. ಸೌರಜ್ವಾಲೆಗಳನ್ನು ಬೇರ್ಪಡಿಸುವ ಭಾಗ ನಂಬುವಷ್ಟು ಪಕ್ವವಾಗಿದೆ. ಕಣಗಳನ್ನು ಗುರುತಿಸುವ ಭಾಗಕ್ಕೆ ಇನ್ನೂ ಕೆಲಸವಿದೆ.

ಜಿಬಿಎಂನಲ್ಲಿ 12 ಸೋಡಿಯಂ ಅಯೋಡೈಡ್, 2 ಬಿಜಿಒ (ಬಿಸ್ಮತ್ ಜರ್ಮನೇಟ್) ಹರಳಿನ ಡಿಟೆಕ್ಟರ್‌ಗಳಿವೆ. ಭಾರವಾದ ಕಾಸ್ಮಿಕ್ ಕಣ ಬಡಿದರೆ ಒಂದೇ ಹರಳು ಹೊಳೆಯುತ್ತದೆ. ಆದ್ದರಿಂದ ಕನಿಷ್ಠ ಎರಡು ಸೋಡಿಯಂ ಅಯೋಡೈಡ್ ಡಿಟೆಕ್ಟರ್‌ಗಳು ಮಿತಿ ದಾಟಿದರೆ ಮಾತ್ರ ಸಾಮಾನ್ಯವಾಗಿ ಟ್ರಿಗರ್, ಅಂದರೆ ಉಪಗ್ರಹದ ಎಚ್ಚರಿಕೆ. ಆ ಮಿತಿ ಎಷ್ಟು ಸಣ್ಣದು ನೋಡಿ: ಹಿನ್ನೆಲೆ (ಸ್ಫೋಟವಿಲ್ಲದಾಗಲೂ ಇರುವ ಎಣಿಕೆ) ಸೆಕೆಂಡಿಗೆ 300 ಎಂದುಕೊಂಡರೆ 0.256 ಸೆಕೆಂಡಿಗೆ ಸುಮಾರು 77, ಅದರ ವರ್ಗಮೂಲ 8.8 (ಸಹಜ ಏರಿಳಿತದ ಅಳತೆ, ಅದೇ ಒಂದು ಸಿಗ್ಮಾ), ಮಿತಿಯಾದ 4.5 ಸಿಗ್ಮಾ ಎಂದರೆ ಬರೀ 40 ಹೆಚ್ಚುವರಿ ಎಣಿಕೆ.

ಸೌರಜ್ವಾಲೆಯಾದರೆ ಸಾಮಾನ್ಯವಾಗಿ ಸೂರ್ಯನ ಕಡೆಯ ಎನ್0ರಿಂದ ಎನ್5ರವರೆಗಿನ ಸೋಡಿಯಂ ಅಯೋಡೈಡ್ ಡಿಟೆಕ್ಟರುಗಳು ಬೆಳಗುತ್ತವೆ, ಏರಿಕೆ ನಿಧಾನ, 50 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕೆಇವಿ, ಕಿರಣದ ಶಕ್ತಿಯ ಅಳತೆ) ಮಟ್ಟಕ್ಕಿಂತ ಕೆಳಗೇ ಹೆಚ್ಚು ಎಣಿಕೆ. ಖಚಿತಪಡಿಸಲು, ಸೂರ್ಯನನ್ನೂ ಗಮನಿಸುವ ಗೋಸ್ ಹವಾಮಾನ ಉಪಗ್ರಹದ ಎಕ್ಸ್‌-ಕಿರಣ ರೇಖೆಯನ್ನು ಪಕ್ಕಕ್ಕಿಡುತ್ತೇವೆ. ಇಲ್ಲೊಂದು ಎಚ್ಚರ ಬೇಕು: ಗೋಸ್ ರೇಖೆಯ ಶಿಖರ ತಡವಾಗಿ ಬರುತ್ತದೆ. ಜಿಬಿಎಂ ಏರಿಕೆ ಹೊಂದುವುದು ಆ ರೇಖೆ ಅತಿ ವೇಗವಾಗಿ ಏರುವ ಹೊತ್ತಿಗೆ. ಶಿಖರದ ಸಮಯಕ್ಕೆ ಹೋಲಿಸಿದರೆ ತಾಳೆಯಾಗುವುದಿಲ್ಲ. ದಿಕ್ಕೊಂದನ್ನೇ ನೋಡಿ ತೀರ್ಪು ಕೊಡಲೂಬಾರದು. ನಿಜವಾದ ಸ್ಫೋಟವೂ ಸೂರ್ಯನ ಪಕ್ಕದಿಂದ ಬರಬಹುದು, ಮೊದಲ ಸೂಚನೆಯ ಸ್ಥಾನದಲ್ಲಿ ಹಲವು ಡಿಗ್ರಿಗಳ ದೋಷವಿರುತ್ತದೆ.

ಕಣಗಳ ಗುರುತು ಬೇರೆ. ದಕ್ಷಿಣ ಅಟ್ಲಾಂಟಿಕ್ ವೈಪರೀತ್ಯದ (ಭೂಮಿಯ ಸುತ್ತಲಿನ ಕಣಪಟ್ಟಿ ಕೆಳಗಿಳಿಯುವ ಪ್ರದೇಶ) ಅಂಚಿನಲ್ಲಿ, ಎದುರುಬದುರು ಮುಖದ ಡಿಟೆಕ್ಟರ್‌ಗಳು ಒಟ್ಟಿಗೇ ಏರಿ ಹತ್ತಾರು ಸೆಕೆಂಡು ನಿಲ್ಲುತ್ತವೆ. ನಮ್ಮ ತೊಡಕು ಹಿನ್ನೆಲೆಯದು. ಅಲ್ಲಿ ಹಿನ್ನೆಲೆ ಬಾಗುತ್ತದೆ, ಸರಳರೇಖೆ ಹಾಕಿದರೆ ಇಲ್ಲದ ಗುಡ್ಡ ಉಳಿಯುತ್ತದೆ. ಎರಡನೇ ಘಾತದ ಬಹುಪದಿ ಹಾಕಿದರೆ ಗುಡ್ಡ ಹೋಗುತ್ತದೆ, ಆದರೆ ದೀರ್ಘ ಸ್ಫೋಟದ ಬಾಲವನ್ನೂ ಅದು ನುಂಗುತ್ತದೆ. ಈಗ 30 ಸುತ್ತು ಹಿಂದಿನ, ಅಂದರೆ ಸುಮಾರು ಎರಡು ದಿನ ಹಿಂದಿನ ದತ್ತಾಂಶವನ್ನೇ ಹಿನ್ನೆಲೆಯಾಗಿ ಕಳೆಯುತ್ತಿದ್ದೇವೆ. ಆಗ ಉಪಗ್ರಹದ ಸ್ಥಾನವೂ ಮುಖವೂ ಹತ್ತಿರಹತ್ತಿರ ಒಂದೇ. ನಡುವೆ ಅದನ್ನು ಬೇರೆಡೆ ತಿರುಗಿಸಿದ್ದರೆ ಈ ವಿಧಾನ ಕೆಲಸಕ್ಕೆ ಬಾರದು.

ಪ್ರತಿ ಹೊಸ ನಿಯಮಕ್ಕೂ ನಮ್ಮ ಪರೀಕ್ಷೆ ಜಿಆರ್‌ಬಿ 170817ಎ, ಅಂದರೆ 2017ರ ಆಗಸ್ಟ್ 17ರ ಗಾಮಾ ಸ್ಫೋಟ. ನ್ಯೂಟ್ರಾನ್ ತಾರೆಗಳು ವಿಲೀನವಾದ 1.7 ಸೆಕೆಂಡಿನ ನಂತರ ಬಂದ ಈ ದುರ್ಬಲ ಮಿನುಗನ್ನು ಬೀಳಿಸುವ ನಿಯಮ ಎಷ್ಟೇ ಚೆನ್ನಾಗಿದ್ದರೂ ನಮಗೆ ಬೇಡ. ಅದರ ಮೊದಲ ಅರ್ಧ ಸೆಕೆಂಡು ಗಡಸು (ಹೆಚ್ಚು ಶಕ್ತಿಯ ಕಿರಣ), ನಂತರದ ಬಾಲ ಮೃದು (ಕಡಿಮೆ ಶಕ್ತಿಯದು). ಪೂರ್ತಿ ಎರಡು ಸೆಕೆಂಡಿಗೆ ಗಡಸುತನದ ಅನುಪಾತ (ಹೆಚ್ಚು ಶಕ್ತಿಯ ಎಣಿಕೆಯನ್ನು ಕಡಿಮೆ ಶಕ್ತಿಯದರಿಂದ ಭಾಗಿಸಿದ್ದು) ತೆಗೆದರೆ ಅದು ತಗ್ಗುತ್ತದೆ, ಹಾಗಾಗಿ ಮೊದಲ ಭಾಗವನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಅನುಮಾನದ ಟ್ರಿಗರ್ ಯಾವುದನ್ನೂ ಅಳಿಸುವುದಿಲ್ಲ. ಸೂಚನೆಯಲ್ಲಿರುವ ವರ್ಗದ ಪಕ್ಕದಲ್ಲೇ ನಮ್ಮ ವರ್ಗವನ್ನೂ ಬರೆದಿಡುತ್ತೇವೆ.

ಕರೆಂಟ್ ಹೋಗಿ ಬಂದಾಗ ಹುಟ್ಟುವ ಸುಳ್ಳು ಎಚ್ಚರಿಕೆ ನಮ್ಮದೇ ವ್ಯವಸ್ಥೆಯದು. ಕಾಫ್ಕಾ ತಪ್ಪಿಹೋದ ಸೂಚನೆಗಳನ್ನು ಒಟ್ಟಿಗೆ ತಲುಪಿಸಿ, ಹಳೆಯದೂ ಹೊಸದಾಗಿ ಕೂಗುತ್ತದೆ. ಗ್ರೂಪ್ ಐಡಿಯನ್ನು (ಎಲ್ಲಿಯವರೆಗೆ ಓದಿದ್ದೇವೆಂದು ಕಾಫ್ಕಾ ನೆನಪಿಡುವ ಹೆಸರು) ಸ್ಥಿರವಾಗಿಟ್ಟು, ಟ್ರಿಗರ್ ಸಮಯವನ್ನು ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಹೋಲಿಸಿ, ಹತ್ತು ನಿಮಿಷಕ್ಕಿಂತ ಹಳೆಯದಾದರೆ ಗಂಟೆ ಬಾರಿಸದೆ ಕಡತಕ್ಕೆ ಮಾತ್ರ ಸೇರಿಸುತ್ತೇವೆ. ಭಾರತೀಯ ಸಮಯದ ಐದೂವರೆ ಗಂಟೆಯನ್ನು ಪರದೆಯ ಮೇಲೆ ತೋರಿಸುವಾಗ ಮಾತ್ರ ಕೂಡಿಸಬೇಕು.