ಮಿಲ್ವಾಕೀ ಬಕ್ಸ್ ಡಿಫೆನ್ಸ್ ಅಧ್ಯಯನ: ಆರನೆಯ ವಾರದ ದಾಖಲೆ

2023–24ರ ಋತುವಿನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಮಿಲ್ವಾಕೀ ಬಕ್ಸ್ ತಂಡದ ಡಿಫೆನ್ಸ್ ಏಕೆ ಕುಸಿಯಿತು ಎಂಬುದನ್ನು ಹಳೆಯ ಪಂದ್ಯಗಳ ವಿಡಿಯೊ ನೋಡಿ ಬರೆದಿಡುವ ಕೆಲಸಕ್ಕೆ ಈಗ ಆರು ವಾರ ತುಂಬಿತು. ನೂರು ಪೊಸೆಷನ್‌ಗಳಿಗೆ (ಎದುರಾಳಿಯ ಕೈಗೆ ಚೆಂಡು ಬಂದ ಸರದಿಗಳಿಗೆ) ಬಿಟ್ಟುಕೊಟ್ಟ ಅಂಕಗಳ ಲೆಕ್ಕದಲ್ಲಿ ಅದರ ಹಿಂದಿನ ಋತುವಿನಲ್ಲಿ ಎನ್‌ಬಿಎಯ 30 ತಂಡಗಳ ನಡುವೆ 4ನೆಯದಾಗಿದ್ದ ತಂಡ, ಈ ಋತು ಮುಗಿಯುವಾಗ 19ನೆಯ ಸ್ಥಾನದಲ್ಲಿತ್ತು.

ಮೊದಲ ಮೂರು ವಾರ ನಾನು ಹಾಕಿಕೊಂಡಿದ್ದ ಕೋಷ್ಟಕವೇ ತಪ್ಪಾಗಿತ್ತು. ಎದುರಾಳಿ ಅಂಕ ಗಳಿಸಿದಾಗಲೆಲ್ಲ ಅವನಿಗೆ ಹತ್ತಿರವಿದ್ದ ಬಕ್ಸ್ ಆಟಗಾರನ ಹೆಸರನ್ನು ಗುರುತಿಸುತ್ತಿದ್ದುದರಿಂದ ಪುಟದಿಂದ ಪುಟಕ್ಕೆ ತಂಡದ ಸೆಂಟರ್, ಅಂದರೆ ರಿಂಗ್ ಕಾಯುವ ಎತ್ತರದ ಆಟಗಾರ, ಬ್ರೂಕ್ ಲೋಪೆಜ್ ಹೆಸರೇ ಬರುತ್ತಿತ್ತು. ಹಿಂದಿನ ಋತುವಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯ ಸ್ಥಾನ ಪಡೆದ ಆಟಗಾರ ಒಂದು ಬೇಸಿಗೆಯಲ್ಲಿ ಇಷ್ಟು ಕೆಡುತ್ತಾನೆಂದು ಒಪ್ಪಲು ಮನಸ್ಸು ಬಾರದೆ, ನಾಲ್ಕನೆಯ ವಾರ ಎಲ್ಲವನ್ನೂ ಹೊಸದಾಗಿ ಆರಂಭಿಸಿ, ಸ್ಕ್ರೀನ್ ಬಿದ್ದ (ಎದುರಾಳಿಯೊಬ್ಬ ಅಡ್ಡ ನಿಂತು ಡಿಫೆಂಡರ್‌ನ ದಾರಿ ತಡೆದ) ಕ್ಷಣದಲ್ಲಿ, ಚೆಂಡು ಹಿಡಿದವನನ್ನು ಕಾಯುತ್ತಿದ್ದ ಬಕ್ಸ್‌ನ ಗಾರ್ಡ್ (ರಿಂಗ್‌ನಿಂದ ದೂರದಲ್ಲಿ ಆಡುವ ಆಟಗಾರ) ಎಲ್ಲಿದ್ದನೆಂದು ಬರೆಯತೊಡಗಿದೆ.

ಆಗ ಚಿತ್ರ ಬದಲಾಯಿತು. ಬಕ್ಸ್ ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ‘ಡ್ರಾಪ್’ ಪದ್ಧತಿಯಲ್ಲಿ ಲೋಪೆಜ್ ರಿಂಗ್‌ನ ಬಳಿ ಹಿಂದೆ ಸರಿದು ನಿಲ್ಲುತ್ತಿದ್ದ. ಗಾರ್ಡ್ ಸ್ಕ್ರೀನನ್ನು ದಾಟಿ ಚೆಂಡು ಹಿಡಿದವನ ಬೆನ್ನಿಗೆ ಅಂಟಿಕೊಂಡು ಬಂದರೆ ಮಾತ್ರ ಆ ನಿಲುವಿಗೆ ಅರ್ಥವಿದೆ. ಗಾರ್ಡ್ ಜ್ರೂ ಹಾಲಿಡೇ ಈ ಕೆಲಸವನ್ನು ಎಷ್ಟು ಸದ್ದಿಲ್ಲದೆ ಮಾಡುತ್ತಿದ್ದನೆಂದರೆ, 2022–23ರ ಪಂದ್ಯಗಳನ್ನು ಮತ್ತೆ ನೋಡುವವರೆಗೂ ನಾನು ಅದನ್ನು ಗಮನಿಸಿರಲೇ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅವನನ್ನು ಬಿಟ್ಟುಕೊಟ್ಟು ಡೇಮಿಯನ್ ಲಿಲ್ಲಾರ್ಡ್‌ನನ್ನು ಕರೆತಂದ ಮೇಲೆ ಗಾರ್ಡ್ ಸ್ಕ್ರೀನಿಗೆ ಸಿಕ್ಕಿ ಹಿಂದುಳಿಯುವುದು ಹೆಚ್ಚಿತು. ಚೆಂಡು ಹಿಡಿದವನನ್ನೂ ರಿಂಗ್‌ನತ್ತ ಓಡುವವನನ್ನೂ ಲೋಪೆಜ್ ಒಬ್ಬನೇ ನೋಡಿಕೊಳ್ಳಬೇಕಾಯಿತು. ನನ್ನ ಹಳೆಯ ಕೋಷ್ಟಕ ದಾಖಲಿಸಿದ್ದು ಬೇರೊಬ್ಬರಿಂದ ಹುಟ್ಟಿ ಅವನ ತಲೆಯ ಮೇಲೆ ಬಿದ್ದ ತಪ್ಪುಗಳನ್ನು.

ಹೊಸ ಕೋಚ್ ಏಡ್ರಿಯನ್ ಗ್ರಿಫಿನ್ ಋತುವಿನ ಆರಂಭದಲ್ಲಿ ಲೋಪೆಜ್‌ನನ್ನು ರಿಂಗ್‌ನಿಂದ ದೂರ, ಸ್ಕ್ರೀನಿನ ಹತ್ತಿರಕ್ಕೆ ಎಳೆದುದು ಈ ಕೊರತೆಯನ್ನು ಇನ್ನಷ್ಟು ಬಯಲು ಮಾಡಿತು. 216 ಸೆಂ.ಮೀ. ಎತ್ತರದ, ಮೂವತ್ತೈದು ಮುಟ್ಟಿದ ಸೆಂಟರ್‌ಗೆ ಅಲ್ಲಿಂದ ತಿರುಗಿ ಓಡಿಬರುವುದು ಕಷ್ಟ. ಅವನು ಮೇಲೇರಿದಾಗ ಒಳಗೆ ತೆರವಾಗುವ ಜಾಗವನ್ನು ತುಂಬಲು ತಂಡದ ತಾರೆ ಯಾನಿಸ್ ಒಬ್ಬನಿಂದ ಸಾಧ್ಯವೂ ಅಲ್ಲ. ಆಟಗಾರರೇ ಕೇಳಿಕೊಂಡ ಮೇಲೆ ತಂಡ ಡ್ರಾಪ್‌ಗೆ ಮರಳಿತು. ಹಾಲಿಡೇ ಇಲ್ಲದೆ ಹಳೆಯ ಪದ್ಧತಿ ಹಳೆಯ ಫಲ ಕೊಡಲಿಲ್ಲವಾದರೂ ಮರಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಈ ವಾರ ನೋಡಿದ್ದು ಇಂಡಿಯಾನಾ ಪೇಸರ್ಸ್ ಎದುರಿನ 2023ರ ನವೆಂಬರ್ 9ರ ಪಂದ್ಯ. ಯಾನಿಸ್ 54 ಅಂಕ ಗಳಿಸಿದರೂ ಬಕ್ಸ್ 126–124ರಿಂದ ಸೋತಿತು. ಬಕ್ಸ್ ಹಿಂದಕ್ಕೆ ಓಡಿ ಸಾಲುಗೂಡುವ ಮೊದಲೇ ಪೇಸರ್ಸ್‌ನ ಗಾರ್ಡ್ ಹ್ಯಾಲಿಬರ್ಟನ್ ಚೆಂಡನ್ನು ಮುಂದಕ್ಕೆ ಸಾಗಿಸುತ್ತಿದ್ದುದರಿಂದ ಅಂಥ ಕಡೆ ಡ್ರಾಪ್‌ನ ಪ್ರಶ್ನೆಯೇ ಏಳುವುದಿಲ್ಲ. ಇವನ್ನು ನನ್ನ ಈಗಿನ ಕೋಷ್ಟಕದಲ್ಲಿ ತುಂಬಲಾಗದೆ ಪ್ರತ್ಯೇಕ ಹಾಳೆ ತೆರೆದಿದ್ದೇನೆ.

2024ರ ಜನವರಿಯಲ್ಲಿ 30 ಗೆಲುವು, 13 ಸೋಲುಗಳಿದ್ದಾಗಲೇ ಗ್ರಿಫಿನ್‌ರನ್ನು ತೆಗೆದು, ಬಳಿಕ ಡಾಕ್ ರಿವರ್ಸ್‌ಗೆ ತಂಡವನ್ನು ಒಪ್ಪಿಸಲಾಯಿತು. ಆ ಬಳಿಕದ ಪಂದ್ಯಗಳನ್ನು ಮುಂದಿನ ವಾರ ಆರಂಭಿಸುತ್ತೇನೆ. ಲಿಲ್ಲಾರ್ಡ್‌ಗೆ ಎದುರಾಳಿಗಳಲ್ಲಿ ಯಾರ ಹೊಣೆ ವಹಿಸಲಾಯಿತು ಎಂಬ ಕಾಲಂ ಮೊದಲು ತುಂಬಬೇಕಿದೆ.