ಹೋಗುವಾಗ 390 ಮೀಟರ್, ಬರುವಾಗ 1.9 ಕಿಲೋಮೀಟರ್

ಮೂರು ವಾರದಿಂದ ತಲೆ ತಿನ್ನುತ್ತಿದ್ದ ಕೆಂಪು ಚುಕ್ಕೆ ಕೊನೆಗೂ ಹಸಿರಾಯಿತು. ಮಾರನೇ ದಿನ ನಾನೇ ಅದನ್ನು ಮತ್ತೆ ಕೆಂಪು ಮಾಡಿದೆ.

ನನ್ನ ಕೆಲಸ ಏನಂದರೆ, ಬೆಂಗಳೂರಿನ ಸ್ಲಂಗಳಿಂದ ರೇಷನ್ ಅಂಗಡಿಗೆ ನಡೆದು ಹೋಗಲು ಎಷ್ಟು ದೂರ ಅಂತ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕೋದು. ಅಂಗಡಿ ದೂರ ಇರೋ ಸ್ಲಂಗೆ ಕೆಂಪು ಚುಕ್ಕೆ, ಹತ್ತಿರ ಇದ್ದರೆ ಹಸಿರು. ಅಂಗಡಿಗಳ ಪಟ್ಟಿ ಕೊಟ್ಟ ಕಚೇರಿಯವರಿಗೆ ದೊಡ್ಡ ನಮಸ್ಕಾರ. ಪಿಡಿಎಫ್ ಪೂರ್ತಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್. ಕಾಪಿ ಮಾಡಿದರೆ ಅಂಗಡಿ ಹೆಸರಿನ ಜಾಗದಲ್ಲಿ ಪೌಂಡ್ ಚಿಹ್ನೆ, ಟೋಪಿ ಹಾಕಿಕೊಂಡ ಇಂಗ್ಲಿಷ್ ಎ. ಕನ್ವರ್ಟರ್ ಅರ್ಧ ಒತ್ತಕ್ಷರ ನುಂಗಿತು. ಉಳಿದದ್ದನ್ನು ಕೈಯಲ್ಲೇ ಟೈಪ್ ಮಾಡಿದೆ. ಆ ನಿದ್ದೆಗಣ್ಣಲ್ಲಿ ಅಕ್ಷಾಂಶ, ರೇಖಾಂಶ ಅದಲುಬದಲಾಗಿ ಅಂಗಡಿಗಳೆಲ್ಲ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಬಿದ್ದವು. ಬೆಂಗಳೂರಿನ 12.97, 77.59 ತಿರುವಿ ಹಾಕಿ ನೋಡಿ. ಹಿಮಕರಡಿಗಳು ರೇಷನ್ ಕಾರ್ಡ್ ಹಿಡಿದು ಕ್ಯೂ ನಿಲ್ಲಬೇಕಿತ್ತು.

ಇರಲಿ. ಆ ಕೆಂಪು ಚುಕ್ಕೆ ಇರೋದು ಯಶವಂತಪುರದ ಕಡೆ, ರೈಲ್ವೆ ಹಳಿ ಪಕ್ಕ. ಹಳಿಯಾಚೆ ಅಂಗಡಿ. ನೇರ ಗೆರೆ ಎಳೆದರೆ 200 ಮೀಟರ್. ನೆಟ್‌ವರ್ಕ್ ಲೆಕ್ಕದಲ್ಲಿ, ಅಂದರೆ ದಾರಿ ಹಿಡಿದು ನಡೆದರೆ, 1.9 ಕಿಲೋಮೀಟರ್, ಅಂಡರ್‌ಪಾಸ್ ಸುತ್ತಿಕೊಂಡು. ಆದರೆ ಅಲ್ಲಿ ಓವರ್‌ಬ್ರಿಡ್ಜ್ ಇದೆ, ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲೂ ಕಾಣುತ್ತದೆ. ದಾರಿ ಮಾತ್ರ ಅದರ ಮೇಲೆ ಹತ್ತಲ್ಲ.

ಗೆರೆಗಳ ನಡುವೆ ಸಣ್ಣ ಸಂದಿ ಇದ್ದರೆ ಕೂಡಿಸಿಕೊಳ್ಳಲಿ ಅಂತ ಟಾಲರೆನ್ಸ್ 2 ಕೊಟ್ಟೆ. ಎಲ್ಲ ದೂರವೂ ಸೊನ್ನೆ! ಇಡೀ ಬೆಂಗಳೂರು ರೇಷನ್ ಅಂಗಡಿ ಬಾಗಿಲಲ್ಲೇ ವಾಸ. ಲೇಯರ್ ಇನ್ನೂ ಡಿಗ್ರಿಯಲ್ಲಿತ್ತು, ನಾನು ಕೊಟ್ಟದ್ದು 2 ಮೀಟರ್ ಅಲ್ಲ, 2 ಡಿಗ್ರಿ. ಅಂದರೆ 200 ಕಿಲೋಮೀಟರ್‌ಗೂ ಜಾಸ್ತಿ. ಲೇಯರನ್ನು ಮೀಟರ್ ಲೆಕ್ಕದ ಇಪಿಎಸ್‌ಜಿ 32643ಕ್ಕೆ ಬದಲಾಯಿಸಿ, ಜೂಮ್ ಮಾಡಿ ನೋಡಿದರೆ ಬ್ರಿಡ್ಜ್ ಗೆರೆ ರಸ್ತೆಗೆ ಒಂದೂವರೆ ಮೀಟರ್ ಮೊದಲೇ ನಿಂತಿದೆ. ಯಾರೋ ಬರೆಯುವಾಗ ಕೊನೆಯ ಕ್ಲಿಕ್ ತಪ್ಪಿಸಿದ್ದಾರೆ. ಅಂಟಿಸಿದೆ. 390 ಮೀಟರ್. ಹಸಿರು. ಆ ಖುಷಿಗೆ ಬೈ-ಟು ಕಾಫಿಯನ್ನು ಒಬ್ಬನೇ ಕುಡಿದೆ.

ಶನಿವಾರ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದೆ. ಅಂಗಡಿಯಲ್ಲಿ ವಯಸ್ಸಾದ ಒಬ್ಬ ಅಮ್ಮ ಹೆಬ್ಬೆಟ್ಟನ್ನು ಸೆರಗಿಗೆ ಮೂರು ಸಲ ಉಜ್ಜಿ ಮಷೀನ್ ಮೇಲಿಟ್ಟರು. ನಾಲ್ಕನೇ ಸಲಕ್ಕೆ ತೆಗೆದುಕೊಂಡಿತು. ಮನೆಯಲ್ಲಿ ಐದು ಜನ. ತಲೆಗೆ 5 ಕೆಜಿ ಅಂತಲೇ ಹಿಡಿದರೂ 25 ಕೆಜಿ ಅಕ್ಕಿ. ಮೂಟೆ ಇಟ್ಟುಕೊಂಡು ಆಟೋಗೆ ಕೈ ಅಡ್ಡ ಹಾಕುತ್ತಿದ್ದರು. "ಬ್ರಿಡ್ಜ್ ಇಲ್ಲೇ ಇದೆಯಲ್ಲಮ್ಮಾ" ಅಂದೆ.

"ಖಾಲಿ ಕೈಲಿ ಬರಕ್ಕೆ ಬ್ರಿಡ್ಜ್ ಕಣಪ್ಪಾ. ಅಕ್ಕಿ ಹೊತ್ಕೊಂಡು ಯಾರ್ ಹತ್ತಾರೆ?"

ಮೆಟ್ಟಿಲು ಎಣಿಸಿದೆ. ಹತ್ತಲು 42, ಇಳಿಯಲು 42. ಆಟೋ ಮೀಟರ್ ಹಾಕಿದರೆ 36 ರೂಪಾಯಿ. ಮೂಟೆ ಕಂಡ ಮೇಲೆ 60. ಬಿಟ್ಟಿ ಅಕ್ಕಿಗೆ 60 ರೂಪಾಯಿ ಬಾಡಿಗೆ! ನನ್ನ ಹಸಿರು ಚುಕ್ಕೆಗೆ ಇದೆಲ್ಲ ಎಲ್ಲಿ ಗೊತ್ತು?

ಹಾಗಾಗಿ ಈಗ ಎರಡು ನೆಟ್‌ವರ್ಕ್: ಹೋಗೋದಕ್ಕೆ ಒಂದು, ಬರೋದಕ್ಕೆ ಒಂದು. ಬರುವ ದಾರಿಯಲ್ಲಿ ನಕ್ಷೆಯಲ್ಲಿ ಸ್ಟೆಪ್ಸ್ (ಮೆಟ್ಟಿಲು) ಅಂತ ಟ್ಯಾಗ್ ಇರುವ ಗೆರೆಗಳನ್ನೆಲ್ಲ ಕಿತ್ತು ಹಾಕಿದೆ. ಹೊಸ ತಲೆನೋವು ಏನಂದರೆ, ಎಷ್ಟೋ ಬ್ರಿಡ್ಜ್‌ಗಳ ಮೆಟ್ಟಿಲನ್ನು ಬರೀ ಫುಟ್‌ವೇ, ಅಂದರೆ ಕಾಲುದಾರಿ ಅಂತ ಬರೆದುಬಿಟ್ಟಿದ್ದಾರೆ. ಒಂದೊಂದನ್ನೂ ಹೋಗಿ ನೋಡಬೇಕು.

ಈ ಮಧ್ಯೆ ಅದೇ ಸ್ಲಂನ ತಗಡಿನ ಸೂರುಗಳ ಕೆಳಗೆ ನಿಂತಾಗ ಮುಂದಿನ ಪ್ರಾಜೆಕ್ಟ್ ಹೊಳೆಯಿತು: ಮನೆಯೊಳಗಿನ ಸೆಕೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಥರ್ಮಲ್ (ಬಿಸಿ ಅಳೆಯುವ) ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ 100 ಮೀಟರ್ ಉದ್ದಗಲ. ಅದರಲ್ಲಿ ಹತ್ತಡಿ-ಹತ್ತಡಿ ಮನೆ ಸಾವಿರ ಹಿಡಿಸುತ್ತದೆ, ಅದರಿಂದ ಏನು ತಿಳಿಯುತ್ತೆ? ಸೆನ್ಸರ್ ನೇತು ಹಾಕೋಣ ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಐದು ತಂದೆ. ಎರಡು ಬೋಣಿಗೇ ಸತ್ತವು, ಮೂರನೆಯದು ಫ್ರಿಜ್‌ನಲ್ಲಿಟ್ಟರೂ 31 ಡಿಗ್ರಿ ಅನ್ನುತ್ತದೆ. ಅಂಗಡಿಯವನು "ಚೆಕ್ ಮಾಡಿ ತಗೋಬೇಕಿತ್ತು ಬಾಸ್" ಅಂದ.

ಸದ್ಯಕ್ಕೆ ಇನ್ನೂ 11 ಓವರ್‌ಬ್ರಿಡ್ಜ್ ಬಾಕಿ. ಬರೋ ಶನಿವಾರ ಬಿಡುವಿದ್ದವರು ಮೆಟ್ಟಿಲು ಎಣಿಸಲು ಬನ್ನಿ. ಈ ಸಲ ಬೈ-ಟು ನಿಜವಾಗಿಯೂ ಬೈ-ಟು.