ಗ್ಯಾಸ್ ಅಲ್ಲ, ಸೆನ್ಸರ್

ನಮ್ಮ ಫ್ರಿಜ್‌ನ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗಿದೆ, ಕೆಳಗೆ ದೋಸೆ ಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳವನ್ನೇ ಎತ್ತಿದೆ. ಫೋನಿನಲ್ಲೇ ಒಬ್ಬ ರಿಪೇರಿಯವರು "ಗ್ಯಾಸ್ ಹೋಗಿದೆ, ತುಂಬಿಸಬೇಕು" ಅಂದರು. ಗ್ಯಾಸ್ ಹೋಗಿದ್ದರೆ ಮೇಲೆ ಐಸ್ ಹೇಗೆ ಕಟ್ಟುತ್ತೆ, ಅಲ್ವಾ?

ಇನ್ನೊಬ್ಬ ರಿಪೇರಿಯವರನ್ನು ಕರೆಸಿದೆವು. ಫ್ರಾಸ್ಟ್ ಫ್ರೀ, ಅಂದರೆ ಕಟ್ಟಿದ ಮಂಜನ್ನು ತಾನೇ ಕರಗಿಸಿಕೊಳ್ಳುವ ಫ್ರಿಜ್‌ನಲ್ಲಿ ತಂಪು ಹುಟ್ಟುವುದು ಫ್ರೀಜರ್ ಹಿಂದಿನ ಕಾಯಿಲ್‌ನಲ್ಲಿ. ಆ ಗಾಳಿಯನ್ನು ಫ್ಯಾನ್ ಕೆಳಗೆ ತಳ್ಳುತ್ತೆ. ಪ್ಯಾನೆಲ್ ಬಿಚ್ಚಿದರೆ ಕಾಯಿಲ್ ಕಾಣಲೇ ಇಲ್ಲ, ಬರೀ ಮಂಜುಗಡ್ಡೆ. ಗಾಳಿ ಎಲ್ಲಿಂದ ಬರಬೇಕು? ಆ ಮಂಜನ್ನು ಆಗಾಗ ಕರಗಿಸಲು ಒಂದು ಹೀಟರ್ ಇದೆ, ಕಾಯಿಲ್ ಎಷ್ಟು ತಣ್ಣಗಿದೆ ಅಂತ ಅದಕ್ಕೆ ಲೆಕ್ಕ ಕೊಡೋದು ಕಡಲೆಬೀಜದಷ್ಟಿರುವ ಒಂದು ಸೆನ್ಸರ್. ಅವರು ಅದನ್ನು ಐಸ್ ನೀರಿನ ಲೋಟದಲ್ಲಿ ಅದ್ದಿ ಮಲ್ಟಿಮೀಟರ್ ಹಿಡಿದರು. ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರಬೇಕಂತೆ. ಅಂಕಿ ಅಲ್ಲಾಡಲಿಲ್ಲ. ಹೊಸದು ಹಾಕಿದರು, ಗಡ್ಡೆ ಕರಗಿಸಿದರು, ಮುಗಿಯಿತು.

ತಮಾಷೆ ಅಂದ್ರೆ, ಇಷ್ಟೂ ದಿನ ಬಾಗಿಲ ಮೇಲೆ 4 ಡಿಗ್ರಿ ಅಂತಲೇ ತೋರಿಸುತ್ತಿತ್ತು. ಅದು ನಾವು ಸೆಟ್ ಮಾಡಿದ ಅಂಕಿ ಅಷ್ಟೇ, ಒಳಗಿನ ಚಳಿಯಲ್ಲ. ಅಮ್ಮ ಆ ಕಡೆ ನೋಡೋದೇ ಇಲ್ಲ, ಹಾಲಿನ ಪ್ಯಾಕೆಟ್ ಮುಟ್ಟಿ ಹೇಳಿಬಿಡುತ್ತಾರೆ. ಅವರ ಸೆನ್ಸರ್‌ಗೆ ಸ್ಪೇರ್ ಪಾರ್ಟ್ ಮಾತ್ರ ಎಲ್ಲೂ ಸಿಗಲ್ಲ.